ಮೆಲ್ಲಕ ಒತ್ತು

ಒಳಕೋಣೆಯಲ್ಲಿ ಕೀಬೋರ್ಡಿನ ಸಪ್ಪಳ ನಿಂತಿತು. ಅದರ ಬೆನ್ನಿಗೇ ಫ್ಯಾನಿನ ಗುಂಯ್ ಎನ್ನುವ ಸದ್ದೂ ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಹಿತ್ತಲ ಬಾಗಿಲ ಬಳಿ ಕನ್ನಡಿಯೆದುರು ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ ಶಿವಶರಣಪ್ಪ ರೇಜರನ್ನು ಗಲ್ಲದ ಮೇಲೆಯೇ ತಡೆದು ಹಿಡಿದ. ಈಗ ಹೆಂಡತಿ ಕರೆಯುತ್ತಾಳೆ, ‘ಏನ್ರಿ, ಮತ್ತ ಹೋತ್ರಿ’ ಎನ್ನುತ್ತಾಳೆ ಎಂದು ಕಾದ. ಕರೆಯಲಿಲ್ಲ. ಹೋದ ವಾರವೆಲ್ಲ ಕರೆದಿದ್ದಳು. ಕರೆದಾಗಲೆಲ್ಲ ಅವನು ಓಡಿಹೋಗಿ ಅವಳ ಭುಜದ ಮೇಲಿಂದ ಬಗ್ಗಿ, ‘ಏನ್ ಒತ್ತಿದಿ?’ ಎಂದು ಕೇಳಿದ್ದ. ಈಗ ಶಿವದೇವಿ ಕರೆಯುವುದನ್ನೇ ಬಿಟ್ಟಿದ್ದಳು. ಕೈಕಟ್ಟಿ ಕೂತು, ಕಪ್ಪಾದ ಪರದೆಯಲ್ಲಿ ತನ್ನ ಮುಖವನ್ನೇ ನೋಡುತ್ತ, ಅದು ಮತ್ತೆ ಏಳುವವರೆಗೆ ಕಾಯುತ್ತಿದ್ದಳು. ಕರೆದರೆ ಸಿಟ್ಟು, ಕರೆಯದಿದ್ದರೆ ಇನ್ನೂ ಸಿಟ್ಟು. ಭಾನುವಾರ ಒಬ್ಬ ಮನುಷ್ಯ ನೆಮ್ಮದಿಯಿಂದ ಗಡ್ಡವನ್ನೂ ಮಾಡಿಕೊಳ್ಳಬಾರದೇ? ಜೀಡಿಮೆಟ್ಲಾದ ಕಡೆಯಿಂದ ಗಾಳಿ ತಿರುಗಿತ್ತು. ಕಾರ್ಖಾನೆಗಳ ಹುಳಿವಾಸನೆ ಸಾಬೂನಿನ ವಾಸನೆಯೊಡನೆ ಸೇರಿತು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನಡೆದ.

‘ಎಷ್ಟು ಹೋತು?’

‘ಮೊದಲ್ನೇ ಲೇಖನ ಮುಗ್ಯಾಕ ಬಂದಿತ್ರಿ. ಕಡೀ ಪ್ಯಾರಾದಾಗಿದ್ನಿ.’

‘ಆಗಾಗ ಸೇವ್ ಮಾಡು ಅಂತ ಹೇಳಿರಲಿಲ್ಲೇನು?’

‘ಮಾಡೂ ಮುಂದಽ ಹೋತು. ಮನ್ನಿನೂ ಹಿಂಗಽ ಆಗಿತ್ತಲ್ಲ, ಆಮ್ಯಾಲ ಫೈಲ್ ತೆರೀಲೇ ಇಲ್ಲ.’

‘ಅಂದ್ರ ನೀ ಒತ್ತಿದ ಕೂಡ್ಲೇ ಹೋತು. ನೀ ಒತ್ತಿದಾಗಽ ಯಾಕ ಹೋಗತೈತಿ? ನಾ ಕುಂತಾಗ ಯಾಕ ಹೋಗಂಗಿಲ್ಲ?’ ದನಿ ಏರಿತ್ತು. ಇಳಿಸಬೇಕೆಂದುಕೊಂಡ, ಆಗಲಿಲ್ಲ. ‘ಇದು ಟೈಪ್‌ರೈಟರ್ ಅಲ್ಲ. ಒನಕಿಲೆ ಕುಟ್ಟಿದಂಗ ಕುಟ್ಟತಿ. ಮೆಲ್ಲಕ ಒತ್ತು ಅಂತ ಎಷ್ಟು ಸಲ ಬಡ್ಕೊಳ್ಳಿ?’

ಅವನು ಕೂತಾಗಲೂ ಹೋಗಿತ್ತು. ಮೊನ್ನೆ ಗುರುವಾರ ಅವಳು ಬಾಜಾರಕ್ಕೆ ಹೋಗಿದ್ದಾಗ, ಬರೀ ಪರೀಕ್ಷೆಗೆಂದು ಒಂದು ಹಾಡಿನ ಸೀಡಿ ಹಾಕಿ ಕೂತಿದ್ದಾಗ, ಹಾಡು ಮಧ್ಯದಲ್ಲೇ ಗಕ್ಕನೆ ನಿಂತು ಪರದೆ ಕಪ್ಪಾಗಿತ್ತು. ಸೀಡಿಯದೇ ದೋಷ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅವಳಿಗೆ ಹೇಳಿರಲಿಲ್ಲ. ಹೇಳುವಂಥದ್ದೇನಿತ್ತು ಅದರಲ್ಲಿ?

ಹೊರಗಿನ ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಸೋಫಾದ ಮೇಲಿನ ಪ್ಲಾಸ್ಟಿಕ್ಕು ಕಿರ್ ಎಂದಿತು. ಶಿವಶರಣಪ್ಪ ಬಾಗಿಲ ಪರದೆ ಸರಿಸಿ ಇಣುಕಿದ. ಕನ್ನಡ ಸಂಘದ ಚನ್ನಬಸಪ್ಪ ಮಾಸ್ತರರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು; ಎದುರಿಗೆ ಅವ್ವ, ಪಾರ್ವತಿಬಾಯಿ, ಅವರಿಗೆ ನೀರು ಕೊಟ್ಟು ನೆಲದ ಮೇಲೆ ಕಾಲು ಚಾಚಿದ್ದಳು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ. ಮುಖದ ಒಂದು ಪಕ್ಕ ನೊರೆ ಹಾಗೆಯೇ ಇದ್ದುದು ಅವನಿಗೆ ನೆನಪಾಯಿತು. ಒಳಗೆ ಓಡಿ ಒರೆಸಿಕೊಳ್ಳುವುದೋ, ಏನೂ ಆಗದವನಂತೆ ಹೋಗಿ ಕೂಡುವುದೋ ತಿಳಿಯದೆ, ಟವೆಲಿನಿಂದ ಗಲ್ಲ ತಿಕ್ಕುತ್ತ ಹೋಗಿ ಕೂತ.

‘ಬರ್ರಿ ಇಂಜಿನಿಯರ್ರ’ ಎಂದರು ಮಾಸ್ತರರು. ಅವನು ಇಂಜಿನಿಯರನಲ್ಲ, ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಇನ್‌ಸ್ಪೆಕ್ಟರ್. ಕನ್ನಡ ಸಂಘದಲ್ಲಿ ಎಲ್ಲರೂ ಇಂಜಿನಿಯರ್ ಎನ್ನುತ್ತಿದ್ದರು. ಅವನು ಎಂದೂ ತಿದ್ದಿರಲಿಲ್ಲ. ‘ಏನಂತೈತಿ ನಿಮ್ಮ ಮಷೀನು?’

ಉತ್ತರ ಅವನ ಬಾಯಲ್ಲಿ ಸಿದ್ಧವೇ ಇತ್ತು. ಇಷ್ಟು ದಿನ ಒಳಗೇ ಹೇಳಿಕೊಂಡದ್ದು, ಒಳಕೋಣೆಯಲ್ಲಿ ಕೂಗಿದ್ದು, ಈಗ ಹೊರಗೂ ಹೇಳದಿದ್ದರೆ ಅದು ಸುಳ್ಳಾಗುತ್ತದೆ ಎನ್ನಿಸಿತು. ‘ಮಷೀನ್ ಛಲೋ ಐತ್ರಿ ಮಾಸ್ತರ್ರ. ನಾನಽ ಜೋಡಿಸಿದ್ದು. ಅಂಗಡ್ಯಾಗೂ ತೋರ್ಸೀನಿ, ಏನೂ ತಕರಾರಿಲ್ಲ. ತಕರಾರು ಇಕಿ ಕೈಯಾಗ ಐತಿ. ಏನರ ಒತ್ತಬಾರದ್ದು ಒತ್ತತಾಳ, ಏನ್ ಒತ್ತೀನಂತ ಆಕಿಗೇ ಗೊತ್ತಾಗಂಗಿಲ್ಲ.’ ಎಂದು ನಕ್ಕ. ಮಾಸ್ತರರು ನಗಲಿಲ್ಲ. ಅವರು ಅವನ ತಲೆಯ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದರು. ಶಿವದೇವಿ ಚಹಾದ ತಾಟು ಹಿಡಿದು ಅಲ್ಲಿ ನಿಂತಿದ್ದಳು. ಬಂದಳು, ಕಪ್ಪುಗಳನ್ನು ಒಂದೊಂದಾಗಿ ಇಟ್ಟಳು. ಒಂದು ಹನಿಯೂ ಬಸಿಯಲ್ಲಿ ಚೆಲ್ಲಿರಲಿಲ್ಲ.

‘ಇರ್ಲಿ ಬಿಡ್ರಿ, ಹೊಸಾದು. ಕೈ ಕುಂದ್ರಬೇಕಲ್ಲ’ ಎಂದು ಮಾಸ್ತರರು ಅವಳ ಕಡೆ ತಿರುಗಿದರು. ‘ತಂಗೀ, ಈ ಕೆಲಸ ನೀನಽ ಮಾಡ್ಬೇಕಂತ ನಂದೂ ಆಸೆ ಐತಿ. ಆದ್ರ ನವೆಂಬರಿಗೆ ಸಂಚಿಕೆ ಬರ್ಬೇಕು, ಪ್ರೆಸ್ಸಿನವ್ರು ಕಾಯಂಗಿಲ್ಲ. ಸಂಜಿಗೆ ಬರ್ತೀನಿ. ಒಂದು ಲೇಖನ ಆಗಿದ್ರ ಸಾಕು, ಉಳದದ್ದೆಲ್ಲಾ ನಿನಗಽ. ಆಗಿರಲಿಲ್ಲಂದ್ರ ಈ ಚೀಲದಾಗಿನ ಕಟ್ಟು ಒಯ್ದು ಕಾಚಿಗುಡಾದ ಟೈಪಿಂಗ್ ಅಂಗಡ್ಯಾಗ ಕೊಡ್ತೀನಿ. ತಪ್ಪು ತಿಳಕೋಬ್ಯಾಡವ್ವ.’

‘ಆಗ್ಲಿರಿ’ ಎಂದಳು ಶಿವದೇವಿ.

ಮದುವೆಗೆ ಮೊದಲು ಕಲಬುರಗಿಯಲ್ಲಿ ಅವಳು ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ಹೈದರಾಬಾದಿಗೆ ಬಂದ ಮೇಲೆ ಕನ್ನಡ ಟೈಪಿಂಗು ಯಾರಿಗೆ ಬೇಕು? ಪ್ರಮಾಣಪತ್ರ ಟ್ರಂಕಿನ ತಳ ಸೇರಿತು. ಮಗಳು ಬೀದರಿನ ಹಾಸ್ಟೆಲಿಗೆ ಹೋಗಿ ಮನೆ ಖಾಲಿಯಾದ ಮೇಲೆ, ಸಂಘದ ಸ್ಮರಣ ಸಂಚಿಕೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವವರು ಬೇಕು ಎಂದು ಮಾಸ್ತರರು ಸಭೆಯಲ್ಲಿ ಹೇಳಿದಾಗ, ಹೆಂಗಸರ ಸಾಲಿನಲ್ಲಿ ಕೂತಿದ್ದವಳು ಎದ್ದು ನಿಂತು, ‘ನನಗ ಬರ್ತೈತ್ರಿ’ ಎಂದಿದ್ದಳು. ಅಷ್ಟು ಜನರೆದುರು! ಗಂಡಸರ ಸಾಲಿನಲ್ಲಿದ್ದ ಶಿವಶರಣಪ್ಪನಿಗೆ ಹೆಮ್ಮೆಯಾಗಿತ್ತೋ ನಾಚಿಕೆಯಾಗಿತ್ತೋ ಇವತ್ತಿಗೂ ತಿಳಿಯದು. ಸಂಚಿಕೆಯ ಮೊದಲ ಪುಟದಲ್ಲಿ ‘ಅಕ್ಷರ ಜೋಡಣೆ: ಶಿವದೇವಿ’ ಎಂದು ಅಚ್ಚಾಗುತ್ತದೆ ಎಂದಿದ್ದರು ಮಾಸ್ತರರು. ಆ ಮಾತನ್ನು ಅವಳು ಫೋನಿನಲ್ಲಿ ಮಗಳಿಗೆ ಹೇಳುವಾಗ ಅವನು ಕೇಳಿಸಿಕೊಂಡಿದ್ದ. ಲಗ್ನಪತ್ರಿಕೆ ಬಿಟ್ಟರೆ ಅವಳ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ.

ಮಾಸ್ತರರು ಹೋದರು. ಅವ್ವ ಕಪ್ಪುಗಳನ್ನು ಜೋಡಿಸುತ್ತ, ‘ಮಂದಿ ಮುಂದ ಹಂಗ ಅನಬಾರದಿತ್ತಪ್ಪ’ ಎಂದಳು. ಅವನು ಕೇಳಿಸದವನಂತೆ ಎದ್ದು ಒಳಕೋಣೆಗೆ ಹೋದ. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರತೊಡಗಿತು. ಜೋರಾಗಿಯೇ ಬರುತ್ತಿತ್ತು. ಹಾಗೆ ಬಡಿದರೆ ರೊಟ್ಟಿ ಹರಿಯುವುದಿಲ್ಲವೇ ಎಂದುಕೊಂಡ. ಹರಿಯುತ್ತಿರಲಿಲ್ಲ, ಒಂದೇ ಅಳತೆಯ ಏಟು, ಒಂದರ ಹಿಂದೊಂದು.

ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಅವನು ನೆಲದ ಮೇಲೆ ಕೂತ. ಇದೇ ಡಬ್ಬಿಯನ್ನು ಜೋಡಿಸಿದ ದಿನ ಎಂಥ ಸಂಭ್ರಮವಿತ್ತು! ಕಂಪನಿಯ ತಯಾರಿ ಕಂಪ್ಯೂಟರು ತಗೊಳ್ಳೋಣ ಎಂದು ಶಿವದೇವಿ ಮೆಲ್ಲಗೆ ಅಂದಿದ್ದಳು. ಅದೇನು ಅವರು ಆಕಾಶದಿಂದ ಇಳಿಸುತ್ತಾರೆಯೇ, ಅವರೂ ನಾಲ್ಕು ಭಾಗ ತಂದು ಪೇಚು ಬಿಗಿಯುವವರೇ ಎಂದು ಅವನು ಸಿಕಂದರಾಬಾದಿನ ಪಾರ್ಕ್‌ಲೇನಿಗೆ ಹೋಗಿ ಒಂದೊಂದನ್ನೂ ಆರಿಸಿ ತಂದಿದ್ದ. ಊಟದ ಮೇಜಿನ ಮೇಲೆ ಬಿಳಿ ಚಾದರ ಹಾಸಿ, ಕೈ ತೊಳೆದು, ಕಾರ್ಖಾನೆಯಲ್ಲಿ ಮಾಡುವಂತೆ ಬೆರಳಿನ ಜಿಡ್ಡು ತಾಗದ ಹಾಗೆ ಅಂಚು ಹಿಡಿದು ಕೂಡಿಸಿದ್ದ. ಅತ್ತೆ ಸೊಸೆ ಇಬ್ಬರೂ ದೂರ ನಿಂತು ನೋಡಿದ್ದರು. ಮೊದಲ ಸಲ ಪರದೆ ಬೆಳಗಿದಾಗ ಅವ್ವ ಡಬ್ಬಿಯ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದು, ಒಂದು ದಾಸವಾಳ ಇಟ್ಟಿದ್ದಳು. ಶಿವದೇವಿ ಕೂತು ಮೊದಲು ಹೊಡೆದದ್ದು ‘ಶ್ರೀ’ ಎಂಬ ಒಂದಕ್ಷರ. ಅದನ್ನು ನೋಡಿ ಅವಳು ಹಲ್ಲು ಕಾಣುವಂತೆ ನಕ್ಕಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಮರುದಿನವೇ ಶುರುವಾಯಿತು ಕಾಟ. ಬೆಳಿಗ್ಗೆ ಎಬ್ಬಿಸಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಗಕ್ಕನೆ ಸಾವು. ಎಲ್ಲವನ್ನೂ ಕ್ರಮವಾಗಿ ನೋಡಿದ್ದ. ಒಂದು ಸಲಕ್ಕೆ ಒಂದೇ ಭಾಗ ಬದಲಿಸು, ಫಲ ನೋಡು, ಮುಂದಕ್ಕೆ ಹೋಗು. ಕರೆಂಟಿನ ಏರಿಳಿತವೇನೋ ಎಂದು ಸ್ಟೆಬಿಲೈಸರು ತಂದ. ಸಾಫ್ಟ್‌ವೇರು ಅಳಿಸಿ ಮತ್ತೆ ಹಾಕಿದ. ಕಾವು ಏರುತ್ತಿರಬಹುದೇ ಎಂಬ ಅನುಮಾನವೂ ಬಂದಿತ್ತು. ಪ್ರೊಸೆಸರು ಎಂಬ ಆ ಚಿಕ್ಕ ಹಂಚು ಕೆಲಸ ಮಾಡುವಾಗ ಕಾಯುತ್ತದೆ. ಅದರ ಕಾವನ್ನು ಹೀರಿಕೊಳ್ಳಲೆಂದೇ ಮೇಲೆ ಅಲ್ಯುಮಿನಿಯಮ್ಮಿನ ಹಲ್ಲುಹಲ್ಲಿನ ದಿಮ್ಮಿ, ಅದರ ಮೇಲೊಂದು ಸಣ್ಣ ಫ್ಯಾನು. ಯಂತ್ರ ನಿಂತ ಕೂಡಲೇ ದಿಮ್ಮಿಗೆ ಬೆರಳು ಹಚ್ಚಿ ನೋಡಿದ್ದ. ತಣ್ಣಗಿತ್ತು. ಅಂದರೆ ಕಾವಿನ ತೊಂದರೆಯಿಲ್ಲ ಎಂದು ಆ ಅನುಮಾನವನ್ನು ಅಲ್ಲಿಗೇ ಹೊಡೆದುಹಾಕಿದ್ದ. ಪಾಸು.

ಬೋರ್ಡು ಪ್ರೊಸೆಸರು ಬಿಟ್ಟು ಉಳಿದ ಭಾಗಗಳನ್ನು ಚೀಲದಲ್ಲಿ ಹಾಕಿಕೊಂಡು ಪಾರ್ಕ್‌ಲೇನಿನ ಅಂಗಡಿಗೂ ಹೋಗಿಬಂದಿದ್ದ. ಜಲೀಲ್ ಭಾಯ್ ಅವುಗಳನ್ನು ತನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಬೇರೊಂದು ಬೋರ್ಡಿಗೆ ಸಿಕ್ಕಿಸಿ ಮಧ್ಯಾಹ್ನವೆಲ್ಲ ಓಡಿಸಿದ. ಒಂದು ಸಲವೂ ನಿಲ್ಲಲಿಲ್ಲ. ನಡುನಡುವೆ ಅವನು ತನ್ನ ಬೋರ್ಡಿನ ದಿಮ್ಮಿಗೆ ಬೆರಳು ತಾಗಿಸಿ, ‘ಗರಮ್ ಹೈ, ಅಚ್ಛಾ ಹೈ’ ಎಂದು ಬೆರಳು ಜಾಡಿಸುತ್ತಿದ್ದ. ಬಿಸಿಯಾಗಿರುವುದು ಒಳ್ಳೆಯದಂತೆ! ಅಗ್ಗದ ಸರಕು ಎಂದು ಶಿವಶರಣಪ್ಪ ಮನಸ್ಸಿನಲ್ಲೇ ಮೂಗು ಮುರಿದಿದ್ದ. ‘ಪೂರಾ ಡಬ್ಬಾ ಲಾವೋ ಸಾಬ್, ಖೋಲ್ ಕೇ ದೇಖತೂಂ’ ಎಂದ ಜಲೀಲ್. ಬೋರ್ಡು ಪ್ರೊಸೆಸರು ತಾನೇ ಕೂಡಿಸಿದ್ದು, ಅದನ್ನು ಯಾರೂ ಬಿಚ್ಚಿ ನೋಡಬೇಕಾಗಿಲ್ಲ ಎಂದು ಇವನು ಸೆಟೆದು ಹೇಳಿದ. ಜಲೀಲ್ ಭುಜ ಕುಣಿಸಿ, ಮನೆಯಲ್ಲಿ ಯಾರು ನಡೆಸುತ್ತಾರೆ ಎಂದು ಕೇಳಿದ. ‘ಘರ್‌ವಾಲಿ’ ಎಂದ ಇವನು. ಜಲೀಲ್ ‘ಹಾಂ’ ಎಂದು ಸಣ್ಣಗೆ ನಕ್ಕು ಮುಂದಿನ ಗಿರಾಕಿಯ ಕಡೆ ತಿರುಗಿದ. ಆ ನಗುವನ್ನು ಶಿವಶರಣಪ್ಪ ಬಸ್ಸಿನಲ್ಲಿ ಬಾಲಾನಗರ ದಾಟುವವರೆಗೂ ತಿರುವಿ ತಿರುವಿ ನೋಡಿದ. ತನ್ನ ಮೇಲಿನ ನಗುವೇ ಅದು, ಅಥವಾ ಹೆಂಡತಿಯ ಮೇಲಿನದೇ? ಚಿಂತಲ್‌ನಲ್ಲಿ ಇಳಿಯುವಷ್ಟರಲ್ಲಿ ಅದು ಹೆಂಡತಿಯ ಮೇಲಿನದೇ ಎಂದು ಖಾತ್ರಿ ಮಾಡಿಕೊಂಡಿದ್ದ. ಆ ರಾತ್ರಿಯಿಂದಲೇ ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಅವಳ ಬೆರಳುಗಳನ್ನು ಕಾಯತೊಡಗಿದ. ಒಂದು ಸಾಲು ಹೊಡೆದ ಮೇಲೆ ಎರಡೂ ಕೈ ಮೇಲೆತ್ತು, ಹೋಗುತ್ತದೋ ಇಲ್ಲವೋ ನೋಡೋಣ ಎಂದ. ಅವಳು ಎತ್ತಿದಳು. ಪೊಲೀಸರೆದುರು ಎತ್ತಿದ ಹಾಗೆ.

ಊಟಕ್ಕೆ ಕರೆದಳು. ಎದ್ದುಹೋಗಿ ಉಂಡ. ಅವಳು ಬಡಿಸುವಾಗ ಮುಖ ನೋಡಲಿಲ್ಲ. ಇವನೂ ತಾಟಿನಿಂದ ಕಣ್ಣೆತ್ತಲಿಲ್ಲ. ಊಟವಾದ ಮೇಲೆ ಅವ್ವ ಸೋಫಾದ ಮೇಲೆ ಅಡ್ಡಾದಳು. ಹೊರಳಿದಾಗಲೆಲ್ಲ ಪ್ಲಾಸ್ಟಿಕ್ಕು ಕಿರುಗುಟ್ಟುತ್ತಿತ್ತು. ಈ ಮನೆಯಲ್ಲಿ ಬಂದ ಹೊಸ ವಸ್ತುವಿನ ಹೊದಿಕೆಯನ್ನು ಯಾರೂ ಎಂದೂ ತೆಗೆದವರಲ್ಲ. ಸೋಫಾ ಬಂದು ಎಷ್ಟೋ ದೀಪಾವಳಿಗಳು ಕಳೆದಿದ್ದವು. ಬೇಸಗೆಯಲ್ಲಿ ತೊಡೆ ಅಂಟಿ ಕೀಳುವಾಗ ಚರ್ಮವೇ ಬಂದಂತಾದರೂ ಅದು ಹಾಗೇ ಇತ್ತು. ಫ್ರಿಜ್ಜಿನ ಬಾಗಿಲಿಗೆ ನೀಲಿ ಹಾಳೆ, ಟೀವಿಯ ರಿಮೋಟಿಗೆ ಚೀಲ, ಸ್ಕೂಟರಿನ ಸೀಟಿಗೆ ಚೀಲ. ‘ಹೊಸಾದು ಹೊಸಾದಂಗಽ ಇರ್ಬೇಕು’ ಎನ್ನುತ್ತಿದ್ದ ಅಪ್ಪ. ಅಪ್ಪ ಅಮೃತಪ್ಪ, ಸೆಕ್ರೆಟೇರಿಯೇಟಿನ ಕಾರಕೂನ; ರೇಡಿಯೋ ತಂದಾಗ ಅದರ ಗುಬಟಿಗೆ ಸುತ್ತಿದ್ದ ಕಾಗದವನ್ನೂ ಬಿಚ್ಚಿರಲಿಲ್ಲ, ಕಾಗದದ ಮೇಲಿಂದಲೇ ತಿರುಗಿಸುತ್ತಿದ್ದ. ತಿರುಗಿಸುವ ಅಧಿಕಾರ ಅವನೊಬ್ಬನಿಗೇ. ಒಂದು ಸಂಜೆ ಅಪ್ಪ ಬರುವಷ್ಟರಲ್ಲಿ ರೇಡಿಯೋ ಮೂಕಾಗಿತ್ತು. ಯಾರು ಮುಟ್ಟಿದಿರಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ಶಿವಶರಣಪ್ಪನ ಕಪಾಳಕ್ಕೆ ಬಿಟ್ಟಿದ್ದ. ಇವನು ಮುಟ್ಟಿರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ಕರೆಂಟು ಬಂದು ರೇಡಿಯೋ ತಾನಾಗಿ ಮಾತಾಡಿತು. ಅಪ್ಪ ವಾರ್ತೆ ಕೇಳಿದ, ಊಟ ಮಾಡಿದ, ಮಲಗಿದ. ಆಮೇಲೆ ಬಹಳ ದಿನ ಇವನಿಗೆ ತಾನೇ ಅದನ್ನು ಮುಟ್ಟಿದ್ದೆನೇನೋ ಎನ್ನಿಸುತ್ತಿತ್ತು.

ಮತ್ತೆ ಡಬ್ಬಿಯ ಮುಂದೆ ಕೂತಾಗ ಬಿಸಿಲು ಕಿಟಕಿಯಿಂದ ನೇರ ಒಳಗೆ ಬಿದ್ದಿತ್ತು. ಮಾಡಲು ಏನೂ ಉಳಿದಿರಲಿಲ್ಲ. ಬಿಚ್ಚದೆ ಉಳಿದದ್ದೆಂದರೆ ತಾನೇ ಕೂಡಿಸಿದ ಆ ದಿಮ್ಮಿಯೊಂದೇ. ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು: ಕೂಡಿಸಿದವನೇ ಪರೀಕ್ಷಿಸಬಾರದು, ಇನ್ನೊಬ್ಬನ ಕಣ್ಣು ಬೇಕು. ಆ ಇನ್ನೊಬ್ಬನ ಕಣ್ಣಾಗಿಯೇ ಅವನು ಇಷ್ಟು ವರ್ಷ ಸಂಬಳ ತಿಂದಿದ್ದ. ಎಷ್ಟೋ ಜನರು ಬೆವರಿಳಿಸಿ ಮಾಡಿದ್ದರ ಮೇಲೆ ಕೆಂಪು ಚೀಟಿ ಅಂಟಿಸಿದ್ದ. ತನ್ನ ಕೈಕೆಲಸವನ್ನು ಮಾತ್ರ ಈ ಮನೆಯಲ್ಲಿ ನೋಡುವ ಇನ್ನೊಂದು ಕಣ್ಣಿರಲಿಲ್ಲ. ಬೇಸರಕ್ಕೆ, ಕೈಗೊಂದು ಕೆಲಸ ಬೇಕೆಂದು, ದಿಮ್ಮಿಯ ಕೊಂಡಿ ಬಿಡಿಸಿ ಮೇಲೆತ್ತಿದ. ತಿರುಗಿಸಿ ಹಿಡಿದ. ಬಿಸಿಲಿಗೆ ಅದರ ತಳ ಫಳ್ ಎಂದಿತು.

ಲೋಹದ ಹೊಳಪಲ್ಲ ಅದು. ತೆಳ್ಳಗಿನ ಪ್ಲಾಸ್ಟಿಕ್ಕಿನ ಹಾಳೆ. ಕೆಳಗಿನ ಬೂದುಬಣ್ಣದ ಮೇಣಕ್ಕೆ ಧೂಳು ತಾಗದಿರಲಿ ಎಂದು ಅಂಟಿಸಿ ಕಳಿಸಿದ್ದು, ಕೂಡಿಸುವ ಮುನ್ನ ಕೀಳಬೇಕಾದದ್ದು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಅವನು ಅದನ್ನು ಆ ದಿನವೇ ನೋಡಿದ್ದ. ಈಗ ನೆನಪಾಯಿತು. ಹಾಳೆ ಎಷ್ಟು ನುಣುಪಾಗಿದೆ ಎಂದು ಹೆಬ್ಬೆರಳಿನಿಂದ ಸವರಿಯೂ ಇದ್ದ. ಇರಲಿ, ಹೊಸದು ಎಂದುಕೊಂಡು ಹಾಗೇ ಕೂಡಿಸಿದ್ದ. ಆ ಹಾಳೆ ನಡುವೆ ಕೂತು ಪ್ರೊಸೆಸರಿನ ಕಾವನ್ನು ಮೇಲಕ್ಕೇರಲು ಬಿಟ್ಟಿರಲಿಲ್ಲ. ಕೆಳಗೆ ಅದು ಬೇಯುತ್ತಿತ್ತು. ಮೇಲೆ ಬೆರಳಿಟ್ಟವನಿಗೆ ತಂಪು. ಆ ತಂಪೇ ರೋಗವಾಗಿತ್ತು. ಕಾವಾದ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನಾಗಿ ನಿಲ್ಲುತ್ತಿತ್ತು. ಶಿವದೇವಿ ಹೊತ್ತುಗಟ್ಟಲೆ ಕೆಲಸ ಮಾಡುತ್ತಿದ್ದಳು, ಆದ್ದರಿಂದ ಅವಳ ಕೈಯಲ್ಲಿ ನಿಲ್ಲುತ್ತಿತ್ತು. ಅಷ್ಟೇ. ಬೇರೆ ಏನೂ ಇಲ್ಲ.

ಉಗುರಿನಿಂದ ಅಂಚು ಎಬ್ಬಿಸಿ ಕಿತ್ತ. ಒಂದು ಮೂಲೆ ಕಂದಿ ಮುರುಟಿತ್ತು, ಉಳಿದದ್ದು ಇಡಿಯಾಗಿ ಬಂತು. ದಿಮ್ಮಿಯನ್ನು ಮತ್ತೆ ಕೂಡಿಸಿ, ಕೊಂಡಿ ಹಾಕಿ, ಯಂತ್ರವನ್ನು ಎಬ್ಬಿಸಿ, ಅದೇ ಹಾಡಿನ ಸೀಡಿ ಹಾಕಿ ದನಿ ಇಳಿಸಿ ಕೂತ. ಹಾಡು ಮುಗಿದು ಮತ್ತೊಂದು ಬಂತು, ಸೀಡಿಯೇ ಮುಗಿಯಿತು. ಬೆರಳು ಹಚ್ಚಿದ. ಬೆಚ್ಚಗಿತ್ತು. ಎದ್ದು ಕುಣಿಯಬೇಕಿತ್ತು, ‘ಶಿವದೇವಿ, ಸಿಕ್ತು’ ಎಂದು ಕೂಗಬೇಕಿತ್ತು. ಬಾಯಿ ತೆರೆದೂ ಇತ್ತು. ಆದರೆ ಏನು ಸಿಕ್ಕಿತು ಎಂದು ಅವಳು ಕೇಳುತ್ತಾಳೆ. ಛೇ, ಈ ವಯಸ್ಸಿನಲ್ಲಿ, ಇಷ್ಟೆಲ್ಲ ಅಂದ ಮೇಲೆ! ಬೆಳಿಗ್ಗೆ ಮಾಸ್ತರರೆದುರು ತಾನು ನಕ್ಕ ನಗು ಕಿವಿಯಲ್ಲಿ ಕೇಳಿಸಿತು. ಹಾಳೆಯನ್ನು ಮಡಿಸಿದ, ಮಡಿಕೆ ನಿಲ್ಲದೆ ಮತ್ತೆ ಬಿಚ್ಚಿಕೊಂಡಿತು. ಅಂಗಿಯ ಕಿಸೆಯಲ್ಲಿ ತುರುಕಿಕೊಂಡ.

‘ಬಾ, ಕುಂದ್ರು. ಈಗ ಹೋಗಂಗಿಲ್ಲ.’

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಹಸ್ತಪ್ರತಿಯನ್ನು ನೇರ ಮಾಡಿಕೊಂಡಳು. ಒಂದೊಂದೇ ಅಕ್ಷರವನ್ನು, ಕಾದ ಹಂಚು ಮುಟ್ಟುವವಳಂತೆ ತುದಿಬೆರಳಿನಿಂದ ಒತ್ತಿ, ಒಂದು ಸಾಲು ಮುಗಿಸಿ, ಎರಡೂ ಕೈಗಳನ್ನು ಮೇಲೆತ್ತಿ ಹಿಡಿದಳು. ಕಾದಳು. ಯಂತ್ರ ನಡೆಯುತ್ತಿತ್ತು. ಮತ್ತೊಂದು ಸಾಲು. ಮತ್ತೆ ಕೈ ಮೇಲೆ. ಯಾರೂ ಎತ್ತು ಎಂದಿರಲಿಲ್ಲ.

‘ಏನಾಗಿತ್ರಿ?’

‘ಏನೋ ಸಣ್ಣದು. ಸರಿ ಮಾಡೀನಿ.’

ಅವಳು ಪರದೆಯ ಕಡೆಯೇ ನೋಡುತ್ತ ಇನ್ನೊಂದು ಸಾಲು ಹೊಡೆದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು: ‘ನಾ ಏನ್ ಮಾಡ್ತಿದ್ನಿ ಅಂತ ಗೊತ್ತಾತೇನ್ರಿ? ಹೇಳ್ರಿ, ಇನ್ನ ಮ್ಯಾಲ ಹಂಗ ಮಾಡಂಗಿಲ್ಲ.’

ಅವಳು ಚುಚ್ಚಿ ಕೇಳಿದ್ದಲ್ಲ. ಚುಚ್ಚಿದ್ದರೆ ಎಷ್ಟೋ ವಾಸಿಯಿತ್ತು. ತಾನೇ ಏನೋ ಮಾಡುತ್ತಿದ್ದೆ ಎಂದು ಅವಳು ನಂಬಿಬಿಟ್ಟಿದ್ದಳು. ಹಾಳೆ ಕಿಸೆಯಲ್ಲಿ ಎದೆಗೆ ಒತ್ತುತ್ತಿತ್ತು. ತೆಗೆದು ಅವಳ ಮುಂದಿಡಲು ಒಂದು ಗಳಿಗೆ ಸಾಕಿತ್ತು. ಆ ಗಳಿಗೆಯಲ್ಲಿ ಅವನ ಬಾಯಿ ಬೇರೆಯವರದೆಂಬಂತೆ ಮಾತಾಡಿತು.

‘ಮೆಲ್ಲಕ ಒತ್ತು, ಅಷ್ಟಽ.’

‘ಹೂಂನ್ರಿ’ ಎಂದು ಅವಳು ತಲೆಯಾಡಿಸಿ, ಇನ್ನೂ ಮೆಲ್ಲಗೆ ಒತ್ತತೊಡಗಿದಳು.

ಶಿವಶರಣಪ್ಪ ಅಲ್ಲಿ ಕೂಡಲಾರದೆ ಹೊರಗೆ ಬಂದ. ಬೀದಿಯ ತುದಿಯವರೆಗೆ ಹೋದ, ಒಂದು ಕಟ್ಟು ಮೆಂತ್ಯೆ ಕೊಂಡ, ಮನೆಯಲ್ಲಿ ಮೆಂತ್ಯೆ ಇದೆ ಎಂದು ದಾರಿಯಲ್ಲಿ ನೆನಪಾಯಿತು. ಎದುರಾದ ತೆಲುಗು ನೆರೆಯವನೊಬ್ಬ ತನ್ನ ಮುಖವನ್ನೇ ನೋಡಿ ಏನೋ ಕೇಳಲು ಹೋಗಿ ಬಿಟ್ಟ. ಎಲ್ಲರಿಗೂ ಗೊತ್ತಾಗಿದೆಯೇ? ಗಲ್ಲ ಮುಟ್ಟಿಕೊಂಡ. ಎಡಗಡೆ ನುಣುಪು, ಬಲಗಡೆ ಮುಳ್ಳು. ಬೆಳಗಿನಿಂದ ಅರ್ಧ ಗಡ್ಡದಲ್ಲೇ ತಿರುಗುತ್ತಿದ್ದ. ಮನೆಯಲ್ಲಿ ಇಬ್ಬರೂ ನೋಡಿರಬೇಕು, ಇಬ್ಬರೂ ಹೇಳಿರಲಿಲ್ಲ. ಹೇಳಿದರೆ ಸಿಟ್ಟಿಗೇಳುತ್ತಾನೆಂದೇ?

ಸಂಜೆ ಮಾಸ್ತರರು ಬಂದಾಗ ಲೇಖನ ಮುಗಿದಿತ್ತು. ಶಿವದೇವಿ ಅವರನ್ನು ಒಳಗೆ ಕರೆದು ಪರದೆಯ ಮೇಲೆ ತೋರಿಸಿದಳು. ಅವರು ಕನ್ನಡಕ ಏರಿಸಿ ಇಳಿಸಿ ಓದಿ, ‘ಶಹಬ್ಬಾಸ್! ಒಂದು ತಪ್ಪಿಲ್ಲ ನೋಡು. ಇನ್ನ ಎಲ್ಲಾ ನಿಂದಽ’ ಎಂದರು. ಹೊರಗೆ ಬಂದು ಸೋಫಾದ ಮೇಲೆ ಕೂತು, ‘ಅಂತೂ ರೋಗ ಸಿಕ್ತನ್ರಿ ಹಂಗಾರ?’ ಎಂದು ಶಿವಶರಣಪ್ಪನ ಕಡೆ ತಿರುಗಿದರು.

ಅವನು ಬಾಯಿ ತೆರೆಯುವ ಮುಂಚೆ ಶಿವದೇವಿ ಹೇಳಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಅರಳಿತ್ತು. ‘ತಪ್ಪು ನಂದಽ ಇತ್ರಿ ಮಾಸ್ತರ್ರ. ನಾ ಜೋರು ಕುಟ್ಟತಿದ್ನಿ, ಟೈಪ್‌ರೈಟರಿನ ಚಾಳಿ. ಇವ್ರು ದಿನಾ ಕುಂತು ನೋಡಿ ನೋಡಿ ತಿದ್ದಿದ್ರು. ಇಲ್ಲಾಂದ್ರ ಆಗ್ತಿದ್ದಿಲ್ಲ.’

‘ವಿಮಾನದ ಕೆಲಸ ಮಾಡೋರ ಕಣ್ಣು ಅಂದ್ರ ಹಂಗಽ’ ಎಂದು ಮಾಸ್ತರರು ಮೆಚ್ಚುಗೆಯಿಂದ ತಲೆದೂಗಿದರು. ಅವ್ವನೂ ಮಗನನ್ನು ನೋಡಿ ನಕ್ಕಳು. ಅಲ್ಲಿಗೆ ಮುಗಿಯುತ್ತಿತ್ತು. ಅವ್ವ ತಂದಿಟ್ಟ ಚಹಾ ಮುಗಿಯುತ್ತಿತ್ತು, ಮಾತು ಬೇರೆ ಕಡೆ ಹೊರಳುತ್ತಿತ್ತು, ನವೆಂಬರಿನಲ್ಲಿ ಸಂಚಿಕೆ ಬರುತ್ತಿತ್ತು. ಇವಳು ಸಾಯುವವರೆಗೆ ಮೆಲ್ಲಗೆ ಒತ್ತುತ್ತಿದ್ದಳು. ಕಿಸೆಗೆ ಕೈ ಹಾಕಿದ. ಹಾಳೆಯ ಅಂಟು ಬೆರಳಿಗೆ ಹತ್ತಿಕೊಂಡು ಬಂತು. ಜಾಡಿಸಿದರೂ ಬೀಳದೆ, ಇನ್ನೊಂದು ಕೈಯಿಂದ ಕಿತ್ತು ಚಹಾದ ತಾಟಿನಲ್ಲಿಟ್ಟ.

‘ಆಕಿದೇನೂ ತಪ್ಪಿಲ್ರಿ ಮಾಸ್ತರ್ರ. ಇದಽ ರೋಗ. ಕೂಡ್ಸೂ ಮುಂದ ಈ ಹಾಳಿ ಕೀಳಬೇಕಿತ್ತು, ನಾ ಕೀಳಲಿಲ್ಲ. ಮಷೀನ್ ಕಾದು ಕಾದು ನಿಲ್ತಿತ್ತು. ಆಕಿ ಹೆಂಗ ಒತ್ತಿದ್ರೂ ನಿಲ್ತಿತ್ತು. ನಾ ಕುಂತಾಗೂ ನಿಂತಿತ್ತು.’

ಮಾಸ್ತರರು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಮತ್ತೆ ತಾಟಿನಲ್ಲಿಟ್ಟರು. ‘ಹೊಸಾದರ ಹಾಳಿ ಯಾರರ ಕೀಳ್ತಾರೇನು?’ ಎಂದಳು ಅವ್ವ, ಮಗನ ಪರವಾಗಿ. ಶಿವದೇವಿ ಮುಂದೆ ಬಂದು ಅದನ್ನು ಕೈಗೆ ತಗೊಂಡಳು. ಕಂದಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು.

‘ಯಾವಾಗ ಸಿಕ್ತು ಇದು?’

‘ಮಧ್ಯಾಹ್ನ.’

‘ನಾ ಏನ್ ಮಾಡ್ತಿದ್ನಿ ಹೇಳ್ರಿ ಅಂತ ಕೇಳಿದ್ನಲ್ಲ. ಆವಾಗ ನಿಮ್ಮ ಕಿಸೇದಾಗಿತ್ತೇನು?’

‘ಹೂಂ.’

ಅವಳ ಮುಖದಲ್ಲಿ ಅರಳಿದ್ದು ಹಾಗೇ ಒಂದು ಕ್ಷಣ ನಿಂತು ಆಮೇಲೆ ಹೋಯಿತು. ಅಳುತ್ತಾಳೆ ಎಂದುಕೊಂಡ. ಬಯ್ಯುತ್ತಾಳೆ ಎಂದುಕೊಂಡ. ಅವಳು ಮಾಸ್ತರರಿಗೆ, ‘ಉಳದ ಲೇಖನದ ಕಟ್ಟು ಕೊಡ್ರಿ, ಇವತ್ತಽ ಎರಡನೇದು ಹಿಡೀತೀನಿ’ ಎಂದಳು. ಕಟ್ಟು ಇಸಕೊಂಡಳು. ಶಿವಶರಣಪ್ಪ ತಾನೂ ಎದ್ದು ರೂಢಿಯಂತೆ ಅವಳ ಹಿಂದೆ ನಡೆದ. ಬಾಗಿಲಲ್ಲಿ ಅವಳು ತಿರುಗಿದಳು.

‘ನೀವು ಒಳಗ ಬರಬ್ಯಾಡ್ರಿ. ನಾ ಒಬ್ಬಾಕಿ ಮಾಡ್ತೀನಿ.’

ಬಾಗಿಲು ಹಾಕಿಕೊಂಡಿತು. ಮಾಸ್ತರರು ಚಹಾ ಕುಡಿಯದೆಯೇ ಚಪ್ಪಲಿ ಮೆಟ್ಟಿ ಹೋದರು. ಅವ್ವ ದೇವರ ಮುಂದೆ ದೀಪ ಹಚ್ಚಲು ಎದ್ದಳು. ಮಾಡಲು ಏನೂ ತೋಚದೆ ಶಿವಶರಣಪ್ಪ ಹಿತ್ತಲ ಬಾಗಿಲಿಗೆ ಹೋಗಿ, ಕನ್ನಡಿಯೆದುರಿನ ದೀಪ ಹಾಕಿ, ಉಳಿದ ಅರ್ಧ ಗಲ್ಲಕ್ಕೆ ಸಾಬೂನು ಹಚ್ಚಿದ. ಬೆಳಗಿನ ನೊರೆ ಬ್ರಶ್ಶಿನಲ್ಲಿ ಒಣಗಿ ಗಟ್ಟಿಯಾಗಿತ್ತು.

ಆಗ ಒಳಕೋಣೆಯಿಂದ ಸಪ್ಪಳ ಶುರುವಾಯಿತು. ಮೊದಲು ಒಂದು, ನಿಂತು, ಎರಡು. ಆಮೇಲೆ ಅಳತೆ ಹಿಡಿದು, ರೊಟ್ಟಿ ಬಡಿಯುವ ಅದೇ ಕೈ, ಕಲಬುರಗಿಯ ಟೈಪಿಂಗ್ ಕ್ಲಾಸಿನ ಅದೇ ಏಟು, ಮೇಜು ಅದುರುವಷ್ಟು ಜೋರಾಗಿ, ಬಾಗಿಲು ಗೋಡೆ ದಾಟಿ ಬರುತ್ತಿತ್ತು. ಸಾಲಿನ ಕೊನೆಗೆ ತಡೆಯಲಿಲ್ಲ. ಕೈ ಎತ್ತಿ ಕಾಯಲಿಲ್ಲ. ಶಿವಶರಣಪ್ಪ ರೇಜರನ್ನು ಗಲ್ಲಕ್ಕೆ ತಾಗಿಸಿ ಹಿಡಿದು, ಬೆಳಗಿನ ಹಾಗೆಯೇ ಕಿವಿಗೊಟ್ಟು ನಿಂತ. ನಿಲ್ಲಲಿ, ಒಂದೇ ಒಂದು ಸಲ ನಿಲ್ಲಲಿ ಎಂದು ಅವನ ಒಳಗೆ ಯಾರೋ ಬೇಡಿಕೊಳ್ಳುತ್ತಿದ್ದರು; ಆ ದನಿ ತನ್ನದೇ ಎಂದು ಗೊತ್ತಾಗಿ ಮೈ ತಣ್ಣಗಾಯಿತು.

ಸಪ್ಪಳ ನಿಲ್ಲಲಿಲ್ಲ.